ಅಣಕು ವಿಪತ್ತು, ನಿಜವಾದ ಪಾಠ

ವೈದ್ಯನ ಧರ್ಮ ಯಾವುದೆಂದು ಕೇಳಿದರೆ ನಾವೆಲ್ಲರೂ ಬಹುಮಟ್ಟಿಗೆ ಒಂದೇ ಉತ್ತರ ಕೊಟ್ಟೇವು: ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವವನನ್ನು ಎಲ್ಲರಿಗಿಂತ ಮೊದಲು ನೋಡಬೇಕು, ತನ್ನಲ್ಲಿರುವ ವಿದ್ಯೆ, ಔಷಧ, ಉಪಕರಣಗಳೆಲ್ಲವನ್ನೂ ಅವನೊಬ್ಬನಿಗಾಗಿ ಧಾರೆಯೆರೆಯಬೇಕು. ವೈದ್ಯಕೀಯ ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸುವುದೂ ಇದನ್ನೇ. ಆದರೆ ರೈಲೊಂದು ಹಳಿ ತಪ್ಪಿ ನೂರು ಮಂದಿ ಗಾಯಗೊಂಡು ಬಿದ್ದಿರುವಾಗ, ನೋಡಲು ಇಬ್ಬರೇ ವೈದ್ಯರಿರುವಾಗ, ಈ ಧರ್ಮ ತಲೆಕೆಳಗಾಗುತ್ತದೆ. ಒಬ್ಬನಿಗಾಗಿ ಎಲ್ಲವನ್ನೂ ವ್ಯಯಿಸಿದರೆ ಉಳಿಯಬಹುದಾಗಿದ್ದ ಹತ್ತು ಜನ ಕಾದು ಕಾದು ಸಾಯುತ್ತಾರೆ. ಆಗ ವೈದ್ಯನು ಇದ್ದುದರಲ್ಲಿ ಆದಷ್ಟು ಹೆಚ್ಚು ಜನರನ್ನು ಉಳಿಸುವ ಲೆಕ್ಕಕ್ಕೆ ಬರಬೇಕಾಗುತ್ತದೆ. ಈ ಕಠಿಣವಾದ ಲೆಕ್ಕವನ್ನು ಎಳೆಯ ಮನಸ್ಸುಗಳಿಗೆ ಕಲಿಸುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಈ ವಿಂಗಡಣೆಗೆ ಟ್ರಿಯಾಜ್ ಎಂದು ಹೆಸರು. ಅದು ಫ್ರೆಂಚ್ ಮಾತು. ನಮ್ಮಲ್ಲಿ ಕಾಳನ್ನು ಹಸನು ಮಾಡುವುದು, ಆರಿಸುವುದು ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಜಾನ್ ಲಾರೆ ಎಂಬಾತನು ಗಾಯಾಳುವಿನ ಪದವಿಯನ್ನಾಗಲಿ ಅಂತಸ್ತನ್ನಾಗಲಿ ನೋಡದೆ, ಗಾಯದ ತೀವ್ರತೆಯೊಂದನ್ನೇ ನೋಡಿ ಚಿಕಿತ್ಸೆಯ ಸರದಿಯನ್ನು ಗೊತ್ತುಮಾಡಿದನು. ಸೇನಾಧಿಪತಿಗೂ ಕಾಲಾಳಿಗೂ ಒಂದೇ ಅಳತೆಗೋಲು ಎಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಇಂದು ಬಳಕೆಯಲ್ಲಿರುವ ಕ್ರಮಗಳಲ್ಲಿ ಬಹು ಪ್ರಸಿದ್ಧವಾದುದು 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಎಂಬ ವಿಧಾನ. ಒಬ್ಬೊಬ್ಬ ಗಾಯಾಳುವಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಕೊಡುವಂತಿಲ್ಲ. ಮೊದಲು, ನಡೆಯಬಲ್ಲವರೆಲ್ಲರೂ ಒಂದು ಕಡೆಗೆ ಬನ್ನಿ ಎಂದು ಕೂಗಬೇಕು. ಹಾಗೆ ಬಂದವರಿಗೆ ಹಸಿರು ಚೀಟಿ. ಉಳಿದವರಲ್ಲಿ ಉಸಿರಾಟ ನಿಂತಿದ್ದರೆ ಗಂಟಲ ದಾರಿಯನ್ನು ತೆರವು ಮಾಡಿ ನೋಡಬೇಕು. ಆಗಲೂ ಉಸಿರು ಬಾರದಿದ್ದರೆ ಕಪ್ಪು ಚೀಟಿ, ಬಂದರೆ ಕೆಂಪು. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕದಿದ್ದರೆ ಕೆಂಪು. ಕೊನೆಯದಾಗಿ, ‘ಕೈ ಎತ್ತು’, ‘ಕಣ್ಣು ಬಿಡು’ ಎಂಬಂಥ ಸರಳವಾದ ಮಾತನ್ನು ಹೇಳಿ ನೋಡಬೇಕು. ಅದನ್ನು ನಡೆಸಲಾರದವನಿಗೆ ಕೆಂಪು, ನಡೆಸಬಲ್ಲವನಿಗೆ ಹಳದಿ. ಈ ಹಂತದಲ್ಲಿ ಮಾಡಬಹುದಾದ ಚಿಕಿತ್ಸೆ ಎರಡೇ: ಉಸಿರಿನ ದಾರಿಯನ್ನು ತೆರೆಯುವುದು, ಧಾರಾಳವಾಗಿ ಹರಿಯುವ ರಕ್ತವನ್ನು ಕಟ್ಟುವುದು. ಆಮೇಲೆ ಮುಂದಿನವನ ಬಳಿಗೆ ಹೋಗಲೇಬೇಕು.

ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಕಾಲುಗಂಟೆ ಸಾಕು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಸೊಗಸಾಗಿ ಬರೆದೂ ಬಿಡುತ್ತಾರೆ. ಆದರೆ ನಾಲ್ಕು ಕಡೆಯಿಂದ ಕೂಗು ಕೇಳುತ್ತಿರುವಾಗ, ಯಾರೋ ಅಂಗಿಯನ್ನು ಹಿಡಿದು ಜಗ್ಗುತ್ತಿರುವಾಗ, ಈ ಬರೆದ ವಿದ್ಯೆ ನಿಲ್ಲುವುದಿಲ್ಲ. ಆದುದರಿಂದಲೇ ಹಲವು ದೇಶಗಳ ವೈದ್ಯಶಿಕ್ಷಕರು ಅಣಕು ವಿಪತ್ತಿನ ಮಾರ್ಗವನ್ನು ಹಿಡಿದಿದ್ದಾರೆ. ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ಬೆಳೆದ ‘ಎಮರ್ಗೊ’ ಎಂಬ ಪದ್ಧತಿಯಲ್ಲಿ ರೋಗಿಗಳೂ ಸಿಬ್ಬಂದಿಯೂ ಅಯಸ್ಕಾಂತದ ಪುಟ್ಟ ಆಕೃತಿಗಳು. ಅವನ್ನು ಹಲಗೆಯ ಮೇಲೆ ಸರಿಸುತ್ತ ಇಡೀ ಊರಿನ ವ್ಯವಸ್ಥೆಯನ್ನೇ ಅಭ್ಯಾಸ ಮಾಡಬಹುದು. ಇನ್ನೊಂದು, ಜೀವಂತ ಮನುಷ್ಯರನ್ನೇ ಗಾಯಾಳುಗಳನ್ನಾಗಿ ಮಾಡುವ ಬಗೆ. ನಮ್ಮ ದೇಶದಲ್ಲಿಯೂ 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ವಿಪತ್ತು ನಿರ್ವಹಣೆಯನ್ನು ಸಮುದಾಯ ವೈದ್ಯಶಾಸ್ತ್ರದಲ್ಲಿ ಸೇರಿಸಿದೆ.

ನಿವೃತ್ತನಾದ ಮೇಲೆ ವೈದ್ಯಕೀಯ ಕಾಲೇಜೊಂದರಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಕನ್ನಡ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದುದರಿಂದ ಇಂಥದೊಂದು ಅಭ್ಯಾಸವನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಬಸ್ಸೊಂದು ಉರುಳಿದೆಯೆಂಬುದು ಕಲ್ಪನೆ. ಮೈದಾನದಲ್ಲಿ ಇಪ್ಪತ್ತನಾಲ್ಕು ಮಂದಿ ಮಲಗಿದ್ದರು. ಮೇಣವನ್ನೂ ಬಣ್ಣವನ್ನೂ ಮೆತ್ತಿ ಮಾಡಿದ ಗಾಯಗಳು ಅಂಜಿಕೆ ಹುಟ್ಟಿಸುವಷ್ಟು ಸಹಜವಾಗಿದ್ದವು. ನಾಡಿಯನ್ನು ನಿಲ್ಲಿಸುವ ಅಭಿನಯ ಯಾವ ನಟನಿಗೂ ಸಾಧ್ಯವಿಲ್ಲವಾದ್ದರಿಂದ ಪ್ರತಿಯೊಬ್ಬರ ಕೊರಳಲ್ಲಿ ಒಂದು ರಟ್ಟಿನ ಚೀಟಿ: ಉಸಿರು ಇಷ್ಟು, ನಾಡಿ ಹೀಗೆ ಎಂದು. ಹತ್ತು ನಿಮಿಷ ಕಳೆಯುತ್ತಲೂ ಅಧ್ಯಾಪಕರು ಕೆಲವು ಚೀಟಿಗಳನ್ನು ಬದಲಿಸಿಬಿಡುತ್ತಿದ್ದರು. ಹಳದಿಯವನು ಕೆಂಪಾಗುತ್ತಿದ್ದನು, ಮತ್ತೆ ಬಂದು ನೋಡದ ವಿದ್ಯಾರ್ಥಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಗಾಯಾಳುಗಳಾಗಿದ್ದವರಲ್ಲಿ ಹೆಚ್ಚಿನವರು ಕೆಳಗಿನ ತರಗತಿಯ ವಿದ್ಯಾರ್ಥಿಗಳು. ಕೆಲವರು ಆಸ್ಪತ್ರೆಯ ಕೆಲಸಗಾರರು.

ಆ ಕೆಲಸಗಾರರಲ್ಲಿ ಒಬ್ಬ ಹೆಂಗಸಿಗೆ ಕಾಲು ಮುರಿದ ಪಾತ್ರ. ಉಸಿರು ಸರಿ, ನಾಡಿ ಸರಿ, ಪ್ರಜ್ಞೆಯೂ ಇದೆ. ನ್ಯಾಯವಾಗಿ ಆಕೆಗೆ ಹಳದಿ ಚೀಟಿ ಸಲ್ಲಬೇಕು. ಪರೀಕ್ಷಿಸಲು ಬಂದ ವಿದ್ಯಾರ್ಥಿನಿ ಕೈ ಎತ್ತುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಸುಮ್ಮನೆ ನೋಡಿದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಆಕೆ ಇನ್ನಷ್ಟು ಗಾಬರಿಯಿಂದ ನೋಡಿದಳು. ಕೆಂಪು ಚೀಟಿ ಬಿತ್ತು. ಮೈದಾನಕ್ಕೆ ಬಂದಿದ್ದ ಎರಡೇ ಆಂಬುಲೆನ್ಸುಗಳಲ್ಲಿ ಒಂದು ಆಕೆಯನ್ನು ಕರೆದೊಯ್ದಿತು. ಎದೆಯ ಗಾಯದವನೊಬ್ಬ, ನಿಜವಾಗಿಯೂ ಕೆಂಪಿನವನು, ಕಾಯುತ್ತ ಉಳಿದನು. ಮುಂದಿನ ಸಲ ಅವನ ಚೀಟಿ ಬದಲಾದಾಗ ಅದರಲ್ಲಿ ಉಸಿರಿನ ಲೆಕ್ಕ ಸೊನ್ನೆಯಾಗಿತ್ತು.

ಅಭ್ಯಾಸ ಮುಗಿದೊಡನೆ ಎಲ್ಲರೂ ಮರದ ನೆರಳಿನಲ್ಲಿ ಕುಳಿತು ನಡೆದುದನ್ನು ವಿಮರ್ಶಿಸಿದರು. ಇಂಥ ಪಾಠದಲ್ಲಿ ಕಲಿಕೆಯ ಹೆಚ್ಚಿನ ಪಾಲು ನಡೆಯುವುದು ಈ ವಿಮರ್ಶೆಯಲ್ಲಿಯೇ ಎಂದು ಬಲ್ಲವರು ಹೇಳುತ್ತಾರೆ. ಆ ಹೆಂಗಸನ್ನು ಕೇಳಿದಾಗ ಆಕೆ ಸಂಕೋಚದಿಂದ, “ಡಾಕ್ಟರಮ್ಮ ಏನಂದ್ರೋ ತಿಳೀಲಿಲ್ಲ ಸಾರ್. ಕೈ ಎತ್ತು ಅಂದಿದ್ರೆ ಎತ್ತಿರ್ತಿದ್ದೆ” ಎಂದಳು. ಯಾರೂ ನಗಲಿಲ್ಲ. ವಿದ್ಯಾರ್ಥಿನಿಯನ್ನು ಯಾರೂ ಹಳಿಯಲೂ ಇಲ್ಲ. ಎದೆಯ ಗಾಯದವನ ಪಾತ್ರ ಮಾಡಿದ್ದ ಹುಡುಗ ಅವಳ ಎದುರಿಗೇ ಕುಳಿತಿದ್ದನು, ಅಷ್ಟೇ ಸಾಕಾಗಿತ್ತು.

ಭಾಷೆಯ ಅಧ್ಯಾಪಕನಾದ ನನಗೆ ಇದು ಯೋಚಿಸಬೇಕಾದ ಸಂಗತಿಯಾಗಿ ಕಂಡಿತು. ಆಜ್ಞೆಯನ್ನು ನಡೆಸಬಲ್ಲನೇ ಎಂಬ ಪರೀಕ್ಷೆಯಲ್ಲಿ ಮಿದುಳಿನ ಜೊತೆಗೆ ಭಾಷೆಯೂ ಪರೀಕ್ಷೆಗೊಳಗಾಗುತ್ತದೆ. ಮಾತು ತಿಳಿಯದವನು ಪ್ರಜ್ಞೆಯಿಲ್ಲದವನಂತೆ ಲೆಕ್ಕಕ್ಕೆ ಬರುತ್ತಾನೆ. ಹಾಗೆಯೇ, ನಡೆಯಬಲ್ಲವರು ಬನ್ನಿ ಎಂಬ ಮೊದಲ ಕೂಗು ಅರ್ಥವಾಗದಿದ್ದರೆ ನಡೆಯಬಲ್ಲವರೂ ಬಿದ್ದಲ್ಲಿಯೇ ಇರುತ್ತಾರೆ. ಅಲ್ಲಿಂದ ಮುಂದೆ ನನ್ನ ತರಗತಿಯಲ್ಲಿ ವ್ಯಾಕರಣಕ್ಕಿಂತ ಮೊದಲು ನಾಲ್ಕು ವಾಕ್ಯಗಳು ಬಂದವು: ‘ನಡೆಯೋಕೆ ಆಗೋರು ಈ ಕಡೆ ಬನ್ನಿ’, ‘ಕೈ ಎತ್ತಿ’, ‘ಕಣ್ಣು ಬಿಡಿ’, ‘ಹೆದರಬೇಡಿ, ಮತ್ತೆ ಬರ್ತೀನಿ’. ಹೇಳುವಾಗ ಕೈಸನ್ನೆಯನ್ನೂ ಮಾಡಬೇಕೆಂದು ಅಲ್ಲಿನ ವೈದ್ಯಮಿತ್ರರು ಸೇರಿಸಿದರು; ಸ್ಫೋಟದಲ್ಲಿ ಕಿವಿಯ ತಮಟೆ ಹರಿದವನಿಗೆ ತನ್ನ ತಾಯಿನುಡಿಯೂ ಕೇಳಿಸುವುದಿಲ್ಲ.

ಈ ಪಾಠದಲ್ಲಿ ಅತಿ ಕಷ್ಟವಾದುದು ಕಪ್ಪು ಚೀಟಿ. ಅದನ್ನು ಕಟ್ಟಿ ಮುಂದಕ್ಕೆ ಹೋಗಲು ಬಹುತೇಕ ವಿದ್ಯಾರ್ಥಿಗಳ ಕೈ ಬರುವುದಿಲ್ಲ. ಉಸಿರಿಲ್ಲದವನ ಎದೆಯನ್ನು ಒತ್ತುತ್ತ ಕುಳಿತುಬಿಡುತ್ತಾರೆ. ಸಾಮಾನ್ಯ ದಿನದಲ್ಲಿ ಅದೇ ಸರಿ. ಆ ಮೈದಾನದಲ್ಲಿ ಮಾತ್ರ, ಅವರು ಕುಳಿತಷ್ಟು ಹೊತ್ತು ಪಕ್ಕದವನ ರಕ್ತ ಹರಿಯುತ್ತಿರುತ್ತದೆ. ಅವರನ್ನು ಕಲ್ಲೆದೆಯವರನ್ನಾಗಿ ಮಾಡುವುದು ಯಾರ ಉದ್ದೇಶವೂ ಅಲ್ಲ. ಆ ನೋವನ್ನು ಮೊದಲ ಸಲ ಅನುಭವಿಸುವ ಜಾಗ ನಿಜವಾದ ಶವಗಳ ನಡುವೆ ಆಗಬಾರದೆಂಬುದಷ್ಟೇ ಉದ್ದೇಶ.

ನಿಜವಾದ ವಿಪತ್ತುಗಳು ಪಠ್ಯದಂತೆ ಬರುವುದಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತಾಗ ಅವರಲ್ಲಿ ಮಕ್ಕಳೇ ಹೆಚ್ಚು. 1995ರ ಮಾರ್ಚಿಯಲ್ಲಿ ಟೋಕಿಯೋದ ಭೂಗತ ರೈಲುಗಳಲ್ಲಿ ವಿಷಾನಿಲ ಬಿಟ್ಟಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ ಸುಮಾರು 640 ಮಂದಿ ಬಂದರು; ಅವರಲ್ಲಿ ಹೆಚ್ಚಿನವರು ಆಂಬುಲೆನ್ಸಿಗೆ ಕಾಯದೆ ತಾವೇ ಬಂದವರು. 2001ರ ಜನವರಿ 26ರ ಭೂಕಂಪದಲ್ಲಿ ಭುಜ್ ನಗರದ ಸರ್ಕಾರಿ ಆಸ್ಪತ್ರೆಯೇ ಕುಸಿದು, ಶುಶ್ರೂಷೆ ಮಾಡಬೇಕಾದವರೂ ಅವಶೇಷಗಳಡಿ ಸಿಕ್ಕಿದರು. ಇನ್ನೊಂದು ಕಡೆ, 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿದಾಗ ಮೂವರು ಸ್ಥಳದಲ್ಲೇ ಸತ್ತರೂ, ಜೀವಸಹಿತ ಆಸ್ಪತ್ರೆ ಮುಟ್ಟಿದ ಗಾಯಾಳುಗಳೆಲ್ಲರೂ ಉಳಿದರು. ಆ ನಗರದಲ್ಲಿ ಉತ್ತಮ ಆಸ್ಪತ್ರೆಗಳು ಹತ್ತಿರದಲ್ಲಿಯೇ ಇದ್ದವು, ಓಟಕ್ಕಾಗಿ ವೈದ್ಯರು ಅಲ್ಲಿಯೇ ನೆರೆದಿದ್ದರು. ಅದರ ಜೊತೆಗೆ, ಇಡೀ ನಗರ ಹಿಂದಿನ ವರ್ಷಗಳಲ್ಲಿ ಇಂಥ ಅಣಕು ಅಭ್ಯಾಸಗಳನ್ನು ನಡೆಸಿತ್ತು ಎಂಬುದನ್ನೂ ಮರೆಯಲಾಗದು.

ಅಣಕು ವಿಪತ್ತಿಗೆ ಮಿತಿಗಳುಂಟು. ಸಿದ್ಧತೆಗೆ ದಿನಗಳು ಬೇಕು, ಹಣ ಬೇಕು. ಇದು ಆಟವೆಂದು ಬಲ್ಲ ಮನಸ್ಸಿಗೆ ನಿಜವಾದ ಭಯ ಪೂರ್ತಿ ಬರುವುದಿಲ್ಲ. ಒಮ್ಮೆ ಕಲಿತದ್ದು ಮರುಕಳಿಸದಿದ್ದರೆ ಮರೆತುಹೋಗುತ್ತದೆ. ಆದರೂ ನಮ್ಮೂರ ಕಾಲೇಜಿನಲ್ಲಿ ಇಂಥ ಅಭ್ಯಾಸ ನಡೆದು ಗಾಯಾಳುಗಳ ಪಾತ್ರಕ್ಕೆ ಜನ ಬೇಕೆಂದು ಕೇಳಿದರೆ, ಸಾಧ್ಯವಾದವರು ಹೋಗಬೇಕೆಂದು ನನ್ನ ವಿನಂತಿ. ಊರಿನ ಅಜ್ಜಿಯರು, ಅಂಗಡಿಯವರು, ಇಂಗ್ಲಿಷ್ ಬಾರದವರು ಅಲ್ಲಿ ಮಲಗಿದರೆ ಪಾಠ ಇನ್ನಷ್ಟು ನಿಜವಾಗುತ್ತದೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ಮಲಗಿ ನರಳುವುದು ದೊಡ್ಡ ಕಷ್ಟವಲ್ಲ; ಎಳೆಯ ವೈದ್ಯನೊಬ್ಬ ತಪ್ಪು ಮಾಡಿ ತಿದ್ದಿಕೊಳ್ಳಲು ಅದರಿಂದ ಒಂದು ಅವಕಾಶ ಸಿಕ್ಕುತ್ತದೆ.