ಕುದುರೆಯ ನಡಿಗೆಗೆ ಅಂಕ ಕೊಡೋದು ಹೇಗೆ?

ಟೆಕ್ಸಾಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೌಬಾಯ್, ರೋಡಿಯೊ. ಆದರೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತ ಸದ್ದುಗದ್ದಲವಿಲ್ಲದೆ ನಡೆಯುವ ಇನ್ನೊಂದು ಕುದುರೆ ಆಟವಿದೆ, ಡ್ರೆಸ್ಸಾಜ್. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಗಳದಲ್ಲಿ ಸವಾರರು ಒಬ್ಬೊಬ್ಬರಾಗಿ ಬಂದು, ಗೊತ್ತುಪಡಿಸಿದ ಚಲನೆಗಳನ್ನು ಗೊತ್ತುಪಡಿಸಿದ ಜಾಗದಲ್ಲೇ ಮಾಡಿ ತೋರಿಸಬೇಕು.

ನಮಗಿದು ತೀರಾ ದೂರದ್ದೇನಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡ ಡ್ರೆಸ್ಸಾಜ್‌ನಲ್ಲಿ ಚಿನ್ನ ಗೆದ್ದಿತು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್‌ನಲ್ಲೂ ಡ್ರೆಸ್ಸಾಜ್ ಒಂದು ಹಂತ.

ಇಲ್ಲಿ ಗಡಿಯಾರವೂ ಇಲ್ಲ, ಗೋಲೂ ಇಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿದವರ ಫಲಿತಾಂಶ ನಿಂತಿರೋದು ತೀರ್ಪುಗಾರರ ಕಣ್ಣಿನ ಮೇಲೆ. ಆ ಕಣ್ಣನ್ನು ನಂಬೋದು ಹೇಗೆ? ಅದನ್ನು ಪಳಗಿಸೋಕೇ ಅಮೆರಿಕದ ಡ್ರೆಸ್ಸಾಜ್ ಒಕ್ಕೂಟ ಯುಎಸ್‌ಡಿಎಫ್ 'ಎಲ್ ಪ್ರೋಗ್ರಾಮ್' ನಡೆಸುತ್ತದೆ.

ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ. 20 ಮೀಟರ್ ವೃತ್ತದ ಕುಕ್ಕುಲೋಟ, ಅಂದರೆ ಟ್ರಾಟ್, ತಗೊಳ್ಳಿ. ಮೊದಲು ನೋಡೋದು ಬುನಾದಿ: ಲಯ ಸರಿಯಿದೆಯೇ, ಕುದುರೆ ಸವಾರರ ಸೂಚನೆಗೆ ಸ್ಪಂದಿಸುತ್ತಿದೆಯೇ? ಆಮೇಲೆ ಆ ಚಲನೆಯ ಉದ್ದೇಶ: ವೃತ್ತ ನಿಜಕ್ಕೂ ದುಂಡಗಿದೆಯೇ, ಕುದುರೆಯ ಮೈ ಅದಕ್ಕೆ ತಕ್ಕಂತೆ ಬಾಗಿದೆಯೇ? ಕೊನೆಗೆ ಸಣ್ಣಪುಟ್ಟ ಏರುಪೇರು: ಶುರು ಮಾಡಿದ್ದು ತಡವಾಯಿತೇ, ನಡುವೆ ಬೆದರಿತೇ? ಇಷ್ಟನ್ನೂ ಕೂಡಿಸಿ ಕಳೆದು, ಕ್ಷಣದಲ್ಲಿ ಅಂಕ ಹೇಳಬೇಕು. ಜೊತೆಗೆ ಕಾರಣವನ್ನೂ. ಬರೀ '6' ಅಂದರೆ ಸವಾರರಿಗೆ ಉಪಯೋಗವಿಲ್ಲ. 'ಲಯ ಚೆನ್ನಾಗಿದೆ, ವೃತ್ತ ಮೊಟ್ಟೆಯಾಕಾರ' ಅಂದರೆ ನಾಳೆ ಏನು ತಿದ್ದಬೇಕು ಅಂತ ಗೊತ್ತಾಗುತ್ತದೆ.

ತರಬೇತಿಗೆ ಎರಡು ಭಾಗ. ಮೊದಲನೆಯದರಲ್ಲಿ ಸಿದ್ಧಾಂತ, ಕುದುರೆಯ ದೇಹ ಕೆಲಸ ಮಾಡುವ ರೀತಿ, ಅಳತೆಗೋಲುಗಳು. ಇದನ್ನು ಕೇಳುಗರಾಗಿಯೂ ಕೂತು ಕೇಳಬಹುದು. ಎರಡನೆಯದು ಪರೀಕ್ಷೆ ಬರೆಯುವವರಿಗೆ. ಅವರು ಸ್ವತಃ ಸ್ಪರ್ಧೆಗಳಲ್ಲಿ ಸವಾರಿ ಮಾಡಿ ನಿಗದಿತ ಅಂಕ ಗಳಿಸಿರಬೇಕು. ವಿಶೇಷ ಶ್ರೇಣಿಯಲ್ಲಿ ಪಾಸಾದವರಿಗೆ ಮಾತ್ರ ಮುಂದೆ ಪರವಾನಗಿ ಪಡೆದ ತೀರ್ಪುಗಾರರಾಗುವ ತರಬೇತಿಗೆ ದಾರಿ ತೆರೆಯುತ್ತದೆ.

ಕುದುರೆ ಹತ್ತದ ನಮ್ಮಂಥವರಿಗೆ? ತೀರ್ಪುಗಾರರ ಪಕ್ಕದಲ್ಲೇ ಕೂತು ಅವರು ಹೇಳಿದ ಅಂಕ, ಮಾತು ಬರೆದುಕೊಳ್ಳುವ 'ಸ್ಕ್ರೈಬ್' ಕೆಲಸವಿದೆ. ಸಾಮಾನ್ಯವಾಗಿ ಸ್ವಯಂಸೇವಕರೇ ಇದನ್ನು ಮಾಡೋದು. ಕೈಬರಹ ಚುರುಕಾಗಿರಬೇಕು, ಸ್ಪಷ್ಟವಾಗಿರಬೇಕು. ಕೇಳಿದ್ದನ್ನು ಹೊರಗೆ ಹರಟಬಾರದು. 6 ಯಾಕೆ, 7 ಯಾಕೆ ಅಂತ ದಿನವಿಡೀ ಕಿವಿಗೆ ಬೀಳೋ ಇಂಥ ಪಾಠ ಬೇರೆಲ್ಲಿ ಸಿಗುತ್ತೆ?

ಡಲ್ಲಾಸ್ ಡ್ರೆಸ್ಸಾಜ್ ಕ್ಲಬ್, ಹ್ಯೂಸ್ಟನ್ ಡ್ರೆಸ್ಸಾಜ್ ಸೊಸೈಟಿ, ಆಸ್ಟಿನ್ ಕಡೆಯವರಿಗೆ ಸೆಂಟ್ರಲ್ ಟೆಕ್ಸಾಸ್ ಡ್ರೆಸ್ಸಾಜ್ ಸೊಸೈಟಿ ಇವೆ. ಎಲ್ ಪ್ರೋಗ್ರಾಮ್ ಏರ್ಪಡಿಸೋದು ಇಂಥ ಸ್ಥಳೀಯ ಸಂಘಗಳೇ. ಅದು ಪ್ರತಿ ಊರಲ್ಲೂ ಪ್ರತಿ ವರ್ಷ ನಡೆಯೋದಿಲ್ಲ. ಆದ್ದರಿಂದ ಮೂರೂ ಊರಿನ ಕ್ಯಾಲೆಂಡರ್ ಮೇಲೆ ಕಣ್ಣಿಡಿ. ಅಲ್ಲಿಯವರೆಗೆ ಒಂದು ಶನಿವಾರ ಪೆನ್ನು ಹಿಡಿದು ಕೂತು ನೋಡಿ.