ಉಗಿದ ಮೇಲೂ ಉಳಿಯುವ ಔಷಧಿ

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಯಾವುದೇ ಡೆಂಟಲ್ ಕ್ಲಿನಿಕ್ಕಿನಲ್ಲಿ ಒಸಡಿನ ಚಿಕಿತ್ಸೆ ಮಾಡಿಸಿಕೊಂಡು ಹೊರಡುವಾಗ ಡಾಕ್ಟರು ಮೌತ್‌ವಾಶ್ ಬರೆದುಕೊಟ್ಟು ಎರಡು ಮಾತು ಹೇಳುವುದುಂಟು: ಮುಕ್ಕಳಿಸಿ ಉಗಿದ ಮೇಲೆ ನೀರು ಹಾಕಿಕೊಂಡು ಬಾಯಿ ತೊಳೆಯಬೇಡಿ, ಕೂಡಲೇ ಕಾಫಿ ಕುಡಿಯಬೇಡಿ. ಕಾರಣ ಕೇಳಲು ಹೊರಗೆ ಕಾದಿರುವ ರೋಗಿಗಳ ಸಾಲು ಬಿಡುವುದಿಲ್ಲ.

ಆ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಶೇ 0.2ರ ಕ್ಲೋರ್‌ಹೆಕ್ಸಿಡಿನ್. 10 ಮಿಲಿಲೀಟರ್ ಅಳತೆಯಲ್ಲಿ 20 ಮಿಲಿಗ್ರಾಂ ಔಷಧಿ ಇರುತ್ತದೆ. ಒಂದು ನಿಮಿಷ ಮುಕ್ಕಳಿಸಿ ಉಗಿದರೂ ಅದರಲ್ಲಿ ಸುಮಾರು ಶೇ 30, ಅಂದರೆ 6 ಮಿಲಿಗ್ರಾಂನಷ್ಟು, ಬಾಯಲ್ಲೇ ಉಳಿದುಬಿಡುತ್ತದೆ. ಅರಿಶಿನ ಕಲಸಿದ ಬೆರಳನ್ನು ಎಷ್ಟು ತೊಳೆದರೂ ಹಳದಿ ಬಿಡದ ಹಾಗೆ.

ಅಂಟಿಸುವುದು ವಿದ್ಯುದಾವೇಶ. ಕ್ಲೋರ್‌ಹೆಕ್ಸಿಡಿನ್ ಅಣುವಿಗೆ ಎರಡು ಧನಾವೇಶಗಳು. ಹಲ್ಲಿನ ಮೇಲೆ ಜೊಲ್ಲಿನ ಪ್ರೋಟೀನುಗಳು ಹಾಸಿರುವ ತೆಳು ಪೊರೆಗೂ ಕೆನ್ನೆಯ ಒಳಚರ್ಮಕ್ಕೂ ಇರುವುದು ಋಣಾವೇಶ. ಬ್ಯಾಕ್ಟೀರಿಯಾದ ಹೊರಗೋಡೆಗೂ ಅದೇ. ಹಾಗಾಗಿ ಔಷಧಿ ಹಲ್ಲನ್ನೂ ಹಿಡಿಯುತ್ತದೆ, ಅಲ್ಲಿ ಬಂದು ಕೂರುವ ಸೂಕ್ಷ್ಮಜೀವಿಯನ್ನೂ ಹಿಡಿಯುತ್ತದೆ. ಮುಕ್ಕಳಿಸುವಾಗ ದಟ್ಟವಾಗಿರುವ ಔಷಧಿ ಬ್ಯಾಕ್ಟೀರಿಯಾದ ಪೊರೆ ಒಡೆದು ಕೊಲ್ಲುತ್ತದೆ. ಆಮೇಲೆ ಅಂಟಿಕೊಂಡದ್ದು ಸ್ವಲ್ಪಸ್ವಲ್ಪವೇ ಬಿಡುತ್ತಾ, ಹನ್ನೆರಡು ಗಂಟೆಯವರೆಗೂ ಅವುಗಳ ಸಂತತಿ ಬೆಳೆಯದಂತೆ ತಡೆಯುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಂಬ ಲೆಕ್ಕ ಬಂದದ್ದು ಇಲ್ಲಿಂದಲೇ. ಕೊಲ್ಲುವ ಶಕ್ತಿಗಿಂತ ಈ ಅಂಟುವ ಗುಣವೇ ಇದರ ನಿಜವಾದ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ಬಾಯಿಗೆ ಹಾಕಿದ್ದೆಲ್ಲವನ್ನೂ ಜೊಲ್ಲು ಕೊಚ್ಚಿಕೊಂಡು ಹೋಗುವಾಗ, ನಿಲ್ಲಲಾರದ ಔಷಧಿ ಎಷ್ಟು ತೀಕ್ಷ್ಣವಾಗಿದ್ದರೇನು?

ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 1950ರ ದಶಕದಲ್ಲಿ ಗಾಯ ಮತ್ತು ಚರ್ಮದ ನಂಜುನಿವಾರಕವಾಗಿ ಬಂದ ವಸ್ತುವಿದು. ಇದಕ್ಕೆ ಬಾಯಲ್ಲಿ ಜಾಗ ಕೊಡಿಸಿದವರು ಹಲ್ಲಿನ ಸಂಶೋಧಕರಾದ ಹೆರಾಲ್ಡ್ ಲೋ ಮತ್ತು ಶಿಯಾಟ್. ಹಲ್ಲುಜ್ಜುವುದನ್ನು ನಿಲ್ಲಿಸಿದವರಲ್ಲೂ ದಿನಕ್ಕೆರಡು ಸಲ ಮುಕ್ಕಳಿಸಿದರೆ ಹಲ್ಲಿನ ಪಾಚಿಯಾಗಲಿ ಒಸಡಿನ ಉರಿಯೂತವಾಗಲಿ ಬರುವುದಿಲ್ಲ ಎಂದು ಅವರು 1970ರಲ್ಲಿ ತೋರಿಸಿದರು.

ಟೂತ್‌ಪೇಸ್ಟಿಗೂ ಇದಕ್ಕೂ ಆಗಿಬರುವುದಿಲ್ಲ. ಪೇಸ್ಟಿನಲ್ಲಿ ನೊರೆ ತರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಋಣಾವೇಶದ್ದು. ಅದು ಔಷಧಿಯನ್ನು ಮೊದಲೇ ಹಿಡಿದು ನಿಷ್ಕ್ರಿಯ ಮಾಡುತ್ತದೆ. ಹಲ್ಲುಜ್ಜಿ ಕನಿಷ್ಠ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ಔಷಧಿ ಉಗಿದ ಕೂಡಲೇ ನೀರಿನಲ್ಲಿ ತೊಳೆದರೆ ಅದರ ಕಹಿ ಬಾಯಲ್ಲಿ ಇನ್ನಷ್ಟು ಹೆಚ್ಚುತ್ತದೆ.

ಕಾಫಿಯ ವಿಷಯ ನಮ್ಮ ಕಡೆ ಸಣ್ಣದಲ್ಲ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ದರ್ಶಿನಿಗಳ ಮುಂದೆ ಬೆಳಿಗ್ಗೆ ಆರಕ್ಕೇ ಲೋಟಗಳು ಸಾಲುಗಟ್ಟಿರುತ್ತವೆ. ಕಾಫಿ, ಚಹಾದ ಬಣ್ಣದ ಅಂಶಗಳು ಹಲ್ಲಿನ ಮೇಲಿನ ಕ್ಲೋರ್‌ಹೆಕ್ಸಿಡಿನ್‌ಗೆ ಕಚ್ಚಿಕೊಂಡು ಕಂದುಕಲೆ ಕೂರಿಸುತ್ತವೆ. ಹಲ್ಲುಗಳ ಸಂದು, ಒಸಡಿನ ಅಂಚು, ನಾಲಗೆಯ ಮೇಲೂ ಅದು ಕಾಣುತ್ತದೆ. ಕೆಲವರಿಗೆ ಕೆಲವು ದಿನ ಉಪ್ಪಿನ ರುಚಿಯೂ ಸರಿಯಾಗಿ ತಿಳಿಯುವುದಿಲ್ಲ. ಕಾಫಿ ಮೊದಲು ಮುಗಿಸಿ, ಆಮೇಲೆ ಮುಕ್ಕಳಿಸುವುದು ಒಳ್ಳೆಯದು. ಡಾಕ್ಟರು ಹೇಳಿದಷ್ಟು ದಿನ ಬಳಸಿ ನಿಲ್ಲಿಸಬೇಕು. ಬಾಟಲಿ ಖಾಲಿಯಾಯಿತೆಂದು ಮೆಡಿಕಲ್ ಶಾಪಿನಿಂದ ತಾವಾಗಿಯೇ ಇನ್ನೊಂದು ತರುವುದು ಬೇಡ. ಕಲೆ ಕೂತರೂ ಅದು ಹಲ್ಲಿನ ಮೇಲ್ಮೈಯದ್ದು. ಕ್ಲಿನಿಕ್ಕಿನಲ್ಲಿ ಪಾಲಿಶ್ ಮಾಡಿದರೆ ಹೋಗುತ್ತದೆ.