ಲ್ಯಾಪ್‌ಟಾಪಿಗೆ ಒಳಗಿನ ಉಗ್ರಾಣವೋ, ಹೊರಗಿನ ಪೆಟ್ಟಿಗೆಯೋ?

ಮನೆಯಲ್ಲಿ ಸಾಮಾನು ಹೆಚ್ಚಿದಾಗ ಎರಡು ದಾರಿಗಳುಂಟು: ಒಳಗಿನ ಕಪಾಟನ್ನೇ ಬದಲಿಸುವುದು, ಇಲ್ಲವೆ ಹೊರಗೊಂದು ಪೆಟ್ಟಿಗೆಯನ್ನು ಇರಿಸುವುದು. ಹಳೆಯ ಲ್ಯಾಪ್‌ಟಾಪನ್ನು ಬಳಸುವ ವಿದ್ಯಾರ್ಥಿಯ ಮುಂದೆಯೂ ಇದೇ ಪ್ರಶ್ನೆ ನಿಲ್ಲುತ್ತದೆ. ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಯಾವುದನ್ನು ಕೊಳ್ಳಬೇಕು? ಉತ್ತರವನ್ನು ಹುಡುಕುವ ಮೊದಲು ಈ ಸಾಧನಗಳು ಕೆಲಸ ಮಾಡುವ ಬಗೆಯನ್ನು ನಾವು ತಿಳಿಯೋಣ.

ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಹಾರ್ಡ್ ಡಿಸ್ಕ್ ಅಂಗೈಯಗಲಕ್ಕೆ ಇಳಿದಿದೆಯಾದರೂ ತತ್ತ್ವವು ಅದೇ. ಕಾಂತಲೇಪನವುಳ್ಳ ತಟ್ಟೆಯು ತಿರುಗುತ್ತಿರುವುದು. ಒಂದು ತೋಳು ಅದರ ಮೇಲೆ ಅತ್ತಿತ್ತ ಸರಿದು ಗುರುತುಗಳನ್ನು ಓದುವುದು. ಲ್ಯಾಪ್‌ಟಾಪಿನಲ್ಲಿ ಈ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5,400, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಗುರುತು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ 180ನೆಯ ಒಂದು ಭಾಗ ಕಾಯಬೇಕು. ತೋಳು ಸರಿಯಲು ಹಿಡಿಯುವ ಕಾಲ ಬೇರೆ. ಇದು ಅಲ್ಪವೆಂದು ತೋರಬಹುದು. ಆದರೆ ಯಂತ್ರವನ್ನು ಚಾಲನೆ ಮಾಡಿದಾಗ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದು. ಆಗ ಈ ಅಲ್ಪಕಾಲಗಳೆಲ್ಲ ಕೂಡಿಕೊಂಡು ನಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತವೆ.

ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಒಕ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಷ್ ಸ್ಮೃತಿಯೇ ಇದರ ಆಧಾರ. ಸಿಲಿಕಾನಿನ ಸೂಕ್ಷ್ಮ ಕೋಶಗಳಲ್ಲಿ ಇಲೆಕ್ಟ್ರಾನುಗಳನ್ನು ಸೆರೆಹಿಡಿದು ಮಾಹಿತಿಯನ್ನು ಉಳಿಸುತ್ತಾರೆ. ವಿದ್ಯುತ್ತು ನಿಂತರೂ ಅವು ಅಲ್ಲಿಯೇ ಇರುತ್ತವೆ. ಓದಲು ಸೆಕೆಂಡಿನ ಸುಮಾರು ಹತ್ತು ಸಾವಿರದ ಒಂದು ಭಾಗ ಸಾಕು.

ಹಾಗಾದರೆ ಹೊರಗಿನ ಎಸ್.ಎಸ್.ಡಿ.ಯನ್ನೇ ಕೊಳ್ಳಬಾರದೇಕೆ? ಅದನ್ನು ಜೋಡಿಸುವ ಯು.ಎಸ್.ಬಿ. ತಂತಿಯನ್ನು ಗಮನಿಸಬೇಕು. ಹಳೆಯ ಯು.ಎಸ್.ಬಿ. 2.0ರ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ ಬಿಟ್, ಯು.ಎಸ್.ಬಿ. 3.0ರದು 500 ಕೋಟಿ. ಒಳಗಿನ ಸಾಟಾ ಮಾರ್ಗದ್ದು 600 ಕೋಟಿ. ತೂಬು ಕಿರಿದಾದರೆ ಕೆರೆ ತುಂಬಿದ್ದೇನು ಫಲ? ಅಲ್ಲದೆ, ಯಂತ್ರವನ್ನು ನಡೆಸುವ ತಂತ್ರಾಂಶವು ಒಳಗಿನ ನಿಧಾನದ ತಟ್ಟೆಯಲ್ಲಿಯೇ ಉಳಿದರೆ ಹೊರಗಿನ ವೇಗದಿಂದ ಪ್ರಯೋಜನವಾಗದು.

ಆದುದರಿಂದ, ಯಂತ್ರವು ಹಾರ್ಡ್ ಡಿಸ್ಕಿನಿಂದ ತಡವರಿಸುತ್ತಿದ್ದರೆ ಒಳಗಿನ ಎಸ್.ಎಸ್.ಡಿ.ಯೇ ಮೇಲು. ಕೆಲವು ಯಂತ್ರಗಳಲ್ಲಿ ಸಂಗ್ರಹವನ್ನು ಫಲಕಕ್ಕೇ ಬೆಸೆದಿರುವುದುಂಟು. ಬದಲಿಸಲು ಸಾಧ್ಯವೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ವೇಗ ಸಾಕಷ್ಟಿದ್ದು ಸ್ಥಳ ಮಾತ್ರ ಸಾಲದಿದ್ದರೆ ಹೊರಗಿನ ಹಾರ್ಡ್ ಡಿಸ್ಕ್ ಅಗ್ಗದ ಉಪಾಯ.

ಎಸ್.ಎಸ್.ಡಿ.ಯಲ್ಲಿ ಅಳಿಸಿದ ಕಡತವನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಕೆಳಗೆ ಬಿದ್ದ ಹಾರ್ಡ್ ಡಿಸ್ಕಿನ ಗತಿಯೂ ಅಷ್ಟೆ. ವರ್ಷದ ಪ್ರಬಂಧವನ್ನೂ ಪ್ರಯೋಗದ ಅಂಕಿಗಳನ್ನೂ ಒಂದೇ ಕಡೆ ಇರಿಸುವುದು ಅಪಾಯಕರ. ಒಳಗಿನದನ್ನು ಕೊಂಡವರು ತೆಗೆದ ಹಳೆಯ ತಟ್ಟೆಯನ್ನು, ಅದು ಸುಸ್ಥಿತಿಯಲ್ಲಿದ್ದರೆ, ಒಂದು ಅಗ್ಗದ ಕವಚದಲ್ಲಿ ಕೂಡಿಸಿಕೊಳ್ಳಲಿ. ಎರಡನೆಯ ಪ್ರತಿಗೆ ಅದೇ ಸಾಕು.